ಸರ್ವರ್‌ನಲ್ಲಿರುವ ಪೈಥಾನ್ ನಿಮ್ಮದಲ್ಲ

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಬಾಡಿಗೆ ಮನೆ ಹಿಡಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಮಾಲೀಕರು ಕೆಲವು ಸಾಮಾನುಗಳನ್ನು ಮನೆಯಲ್ಲೇ ಬಿಟ್ಟಿರುತ್ತಾರೆ: ಗೀಸರ್, ಒಂದೆರಡು ಕಪಾಟು, ನೀರಿನ ಮೋಟಾರಿನ ಸ್ವಿಚ್ಚು. ಬಳಸಲು ಅಡ್ಡಿಯಿಲ್ಲ. ಆದರೆ ಮೋಟಾರಿನ ವೈರನ್ನು ನಮ್ಮ ಅನುಕೂಲಕ್ಕೆ ತಿರುಗಿಸಿಕೊಂಡರೆ ಮೇಲಿನ ಮಹಡಿಯವರ ನಲ್ಲಿ ಒಣಗುತ್ತದೆ. ಅವರು ಬಂದು ಬಾಗಿಲು ಬಡಿಯುವ ಹೊತ್ತಿಗೆ ಯಾವತ್ತು ಯಾವ ವೈರು ಮುಟ್ಟಿದ್ದು ಎಂಬುದೇ ಮರೆತಿರುತ್ತದೆ.

ಲಿನಕ್ಸ್ ಸರ್ವರ್‌ನಲ್ಲಿ ಮೊದಲೇ ಕೂತಿರುವ ಪೈಥಾನ್ ಇಂಥದೇ ಒಂದು ಸಾಮಾನು. ಉಬುಂಟು ಹಾಕಿದ ಕೂಡಲೇ ‘ಪೈಥಾನ್3’ ಎಂದು ಟೈಪಿಸಿದರೆ ಅದು ಹಾಜರಾಗುತ್ತದೆ. ನಮ್ಮಂಥವರಿಗಾಗಿ ಇಟ್ಟ ಸೌಲಭ್ಯ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದನ್ನು ಅಲ್ಲಿ ಇಟ್ಟಿರುವುದು ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸಕ್ಕೆ. ಫೈರ್‌ವಾಲ್ ನೋಡಿಕೊಳ್ಳುವ ಯುಎಫ್‌ಡಬ್ಲ್ಯು ಬರೆದಿರುವುದು ಪೈಥಾನ್‌ನಲ್ಲಿ. ರಾತ್ರಿ ತಾನೇ ಸೆಕ್ಯುರಿಟಿ ಅಪ್‌ಡೇಟ್ ಹಾಕುವ ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಪೈಥಾನ್‌ನಲ್ಲಿ. ಕ್ಲೌಡ್‌ನಲ್ಲಿ ಹೊಸ ಮಷಿನ್ ಏಳುವಾಗ ಅದನ್ನು ಸಜ್ಜುಗೊಳಿಸುವ ಕ್ಲೌಡ್‌ಇನಿಟ್, ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಏರಿಸುವ ಪ್ರೋಗ್ರಾಮು, ಎಲ್ಲವೂ ಅದನ್ನೇ ನಂಬಿವೆ. ರೆಡ್ ಹ್ಯಾಟ್ ಬಳಗದಲ್ಲಂತೂ ಪ್ಯಾಕೇಜ್ ಹಾಕುವ ತೆಗೆಯುವ ಯಮ್, ನಂತರ ಬಂದ ಡಿಎನ್‌ಎಫ್ ಕೂಡ ಪೈಥಾನ್ ಮೇಲೆಯೇ ನಿಂತು ಬೆಳೆದವು. ಪರ್ಲ್‌ನದೂ ಇದೇ ಕಥೆ. ಡೆಬಿಯನ್‌ನಲ್ಲಿ ಹೊಸ ಬಳಕೆದಾರನನ್ನು ಸೇರಿಸುವ ‘ಆ್ಯಡ್‌ಯೂಸರ್’, ಪ್ಯಾಕೇಜ್ ಹಾಕುವಾಗ ಪ್ರಶ್ನೆ ಕೇಳುವ ‘ಡೆಬ್‌ಕಾನ್ಫ್’ ಎರಡೂ ಪರ್ಲ್.

ಎಂಟೆಕ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಪೇಪರಿಗೆ ಪೇಜಿಂಗ್ ಅಲ್ಗಾರಿದಮ್‌ಗಳನ್ನೆಲ್ಲ ಬಾಯಿಪಾಠ ಮಾಡಿದ್ದೆವು. ಪ್ಯಾಕೇಜ್ ಮ್ಯಾನೇಜರ್ ಎಂಬ ಒಂದು ವಸ್ತು ಇದೆ, ಅದರ ಲೆಕ್ಕದ ಪುಸ್ತಕವನ್ನು ಹೊರಗಿನವರು ತಿದ್ದಬಾರದು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಪಕ್ಕದ ಸೀಟಿನವರು ಹೇಳಿಕೊಡುವುದು ಮಾತ್ರ ‘ಸುಡೊ ಪಿಪ್ ಇನ್‌ಸ್ಟಾಲ್’.

ಈ ಕಮಾಂಡ್ ಕೊಟ್ಟಾಗ ಒಳಗೆ ಏನಾಗುತ್ತದೆ ನೋಡೋಣ. ಡೆಬಿಯನ್, ಉಬುಂಟುಗಳಲ್ಲಿ ‘ಆಪ್ಟ್’ ತಂದ ಪೈಥಾನ್ ಮಾಡ್ಯೂಲುಗಳು ‘ಯುಎಸ್‌ಆರ್’ ಫೋಲ್ಡರಿನ ‘ಲಿಬ್’ ಒಳಗೆ ಇರುತ್ತವೆ. ಪಿಪ್ ತಂದವು ‘ಯುಎಸ್‌ಆರ್’ ಒಳಗಿನ ‘ಲೋಕಲ್’ ಎಂಬ ಬೇರೆ ಫೋಲ್ಡರಿಗೆ ಹೋಗುತ್ತವೆ. ಹೇಗೂ ಬೇರೆ ಬೇರೆ ಜಾಗ, ತಂಟೆಯಿಲ್ಲ ಅನ್ನಿಸಬಹುದು. ತಂಟೆ ಇರುವುದು ಹುಡುಕುವ ಕ್ರಮದಲ್ಲಿ. ಪೈಥಾನ್ ಒಂದು ಮಾಡ್ಯೂಲನ್ನು ಹುಡುಕುವಾಗ ಮೊದಲು ‘ಲೋಕಲ್’ ನೋಡುತ್ತದೆ, ಅಲ್ಲಿ ಸಿಕ್ಕಿದರೆ ಮುಂದಕ್ಕೆ ಹೋಗುವುದೇ ಇಲ್ಲ. ಅಂದರೆ ನೀವು ನಿಮ್ಮ ಸ್ಕ್ರಿಪ್ಟಿಗೆಂದು ತಂದ ಹೊಸ ಆವೃತ್ತಿಯನ್ನು ಸಿಸ್ಟಮ್‌ನ ಹಳೆಯ ಪ್ರೋಗ್ರಾಮುಗಳೂ ಎತ್ತಿಕೊಳ್ಳುತ್ತವೆ. ಅವು ಪರೀಕ್ಷೆಯಾಗಿದ್ದು ಹಳೆಯ ಆವೃತ್ತಿಯ ಜೊತೆ. ಆಪ್ಟ್‌ನ ಪುಸ್ತಕದಲ್ಲಿ ಈಗಲೂ ಹಳೆಯದೇ ದಾಖಲಾಗಿದೆ, ಆದ್ದರಿಂದ ಅದು ಎಲ್ಲವೂ ಸರಿಯಿದೆ ಎಂದೇ ಹೇಳುತ್ತಿರುತ್ತದೆ.

ಇದರ ಪರಿಣಾಮ ಆ ಕ್ಷಣಕ್ಕೆ ಕಾಣುವುದಿಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಕೆಟ್ಟದ್ದು ಇದೇ. ಮುರಿದಿದ್ದು ಇವತ್ತು, ಬೀಳುವುದು ಇನ್ನೆರಡು ತಿಂಗಳಿಗೆ, ಅದೂ ಬೇರೆ ಯಾರದೋ ತಲೆಯ ಮೇಲೆ.

ಕೆಂಪು ಪರದೆ

2023ರ ಒಂದು ಉದಾಹರಣೆ ಹೇಳುತ್ತೇನೆ. ಇಲ್ಲಿನ ಒಂದು ಕನ್ನಡ ಸಂಘದ್ದು, ಹೆಸರು ಬೇಡ. ಸಂಘದ ವೆಬ್‌ಸೈಟು ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಯ ಒಂದು ಪುಟ್ಟ ಉಬುಂಟು 20.04 ಸರ್ವರ್ ಮೇಲೆ ಓಡುತ್ತಿತ್ತು. ರಾಜ್ಯೋತ್ಸವದ ಕಾರ್ಯಕ್ರಮ ನವೆಂಬರ್ 5ರ ಭಾನುವಾರ. ಸದಸ್ಯರು ಅದರಲ್ಲೇ ಹೆಸರು ನೋಂದಾಯಿಸಿ ಊಟದ ಕೂಪನ್‌ಗೆ ಹಣ ಕಟ್ಟಬೇಕು, ಆ ಲೆಕ್ಕವನ್ನು ಅಡುಗೆಯವರಿಗೆ ಒಂದು ವಾರ ಮೊದಲೇ ಕೊಡಬೇಕು. ವಿಜಯದಶಮಿಯ ಮರುದಿನ, ಅಕ್ಟೋಬರ್ 25ರ ಸಂಜೆ, ಕಾರ್ಯದರ್ಶಿಗಳ ಫೋನ್ ಬಂತು. ವಿಜಯಪುರದ ಕಡೆಯವರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಮಗೆಲ್ಲ ಕಾಕಾ.

“ತಮ್ಮಾ, ವೆಬ್‌ಸೈಟ್ ತೆಗದ್ರ ಕೆಂಪು ಪರದೆ ಬರಾಕತ್ತೈತಿ. ಮಂದಿ ರೊಕ್ಕ ಕಟ್ಟಾಕ ಹೆದರಾಕತ್ತಾರ. ಯಾರರ ಹ್ಯಾಕ್ ಮಾಡ್ಯಾರೇನ್ ನೋಡು ಸ್ವಲ್ಪ.”

“ಹ್ಯಾಕ್ ಆಗಿಲ್ರಿ ಕಾಕಾ. ಸರ್ಟಿಫಿಕೇಟ್ ಅವಧಿ ಮುಗದೈತಿ.”

“ಮುಗಿಯೂದಂದ್ರ? ತಾನ ರಿನ್ಯೂ ಆಗತೈತಿ ಅಂತ ನೀವ ಹೇಳಿದ್ರಲ್ಲೋ?”

ಅವರ ಪ್ರಶ್ನೆ ಸರಿಯಾಗೇ ಇತ್ತು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಸರ್ಟಿಫಿಕೇಟಿನ ಆಯಸ್ಸು 90 ದಿನ. ಸರ್ವರ್‌ನಲ್ಲಿರುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಮು ದಿನಕ್ಕೆ ಎರಡು ಸಲ ಎದ್ದು ನೋಡುತ್ತದೆ, 30 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದು ತರುತ್ತದೆ. ಈ ಸರ್ವರ್‌ನ ಸರ್ಟಿಫಿಕೇಟು ಹಿಂದಿನ ಸಲ ನವೀಕರಣವಾಗಿದ್ದು ಜುಲೈ 27ಕ್ಕೆ. ಸೆಪ್ಟೆಂಬರ್ 25ರ ಸುಮಾರಿಗೆ ಮತ್ತೆ ಆಗಬೇಕಿತ್ತು, ಆಗಿರಲಿಲ್ಲ. ಅಲ್ಲಿಂದ ಒಂದು ತಿಂಗಳು ದಿನಕ್ಕೆರಡು ಬಾರಿ ಸರ್ಟ್‌ಬಾಟ್ ಎದ್ದಿತ್ತು, ಎದ್ದ ತಕ್ಷಣ ಬಿದ್ದಿತ್ತು. ಅವಧಿ ಮುಗಿಯುತ್ತಿದೆ ಎಂಬ ಎಚ್ಚರಿಕೆಯ ಇಮೇಲುಗಳು ಹೋಗುತ್ತಿದ್ದುದು ಹಿಂದಿನ ಸಮಿತಿಯಲ್ಲಿದ್ದ ಒಬ್ಬರಿಗೆ, ಅವರು ಬೇರೆ ಊರಿಗೆ ವರ್ಗವಾಗಿ ಆ ಖಾತೆ ತೆರೆಯುವುದನ್ನೇ ಬಿಟ್ಟಿದ್ದರು. (2025ರ ಜೂನ್‌ನಿಂದ ಲೆಟ್ಸ್ ಎನ್‌ಕ್ರಿಪ್ಟ್ ಇಂಥ ಇಮೇಲ್ ಕಳಿಸುವುದನ್ನೇ ನಿಲ್ಲಿಸಿದೆ. ನಿಮ್ಮ ಸಂಘದ ಸೈಟು ಅದನ್ನೇ ನಂಬಿಕೊಂಡಿದ್ದರೆ ಇವತ್ತೇ ಬೇರೆ ಏರ್ಪಾಟು ಮಾಡಿ.)

ಸರ್ಟ್‌ಬಾಟ್‌ನ ಲಾಗ್ ಫೋಲ್ಡರಿನಲ್ಲಿ ಸೆಪ್ಟೆಂಬರ್ ತಿಂಗಳಿಡೀ ಒಂದೂ ದೂರು ಇರಲಿಲ್ಲ. ಲಾಗ್ ಬರೆಯುವಷ್ಟು ದೂರ ಅದು ಬದುಕುತ್ತಲೇ ಇರಲಿಲ್ಲ, ಬೇಕಾದ ಮಾಡ್ಯೂಲುಗಳನ್ನು ಇಂಪೋರ್ಟ್ ಮಾಡುವಾಗಲೇ ಸಾಯುತ್ತಿತ್ತು. ಗುರುತು ಸಿಕ್ಕಿದ್ದು ಸಿಸ್ಟಮ್‌ಡಿಯ ಜರ್ನಲ್‌ನಲ್ಲಿ: ‘ಲಿಬ್’ ಎಂಬ ಮಾಡ್ಯೂಲಿಗೆ ಇಂಥ ಗುಣವೇ ಇಲ್ಲ ಎಂಬ ಒಂದು ಆ್ಯಟ್ರಿಬ್ಯೂಟ್ ಎರರ್. ಬರುತ್ತಿದ್ದುದು ಪೈಓಪನ್‌ಎಸ್‌ಎಸ್‌ಎಲ್ ಎಂಬ ಮಾಡ್ಯೂಲಿನಿಂದ. ಅದು ಆಪ್ಟ್ ತಂದದ್ದು, 2019ರ ಆವೃತ್ತಿ. ಅದು ಕರೆಯುವುದು ಕ್ರಿಪ್ಟೋಗ್ರಫಿ ಎಂಬ ಇನ್ನೊಂದು ಮಾಡ್ಯೂಲನ್ನು. ಪೈಥಾನ್ ತೆರೆದು ಆ ಕ್ರಿಪ್ಟೋಗ್ರಫಿ ಎಲ್ಲಿಂದ ಬರುತ್ತಿದೆ ಎಂದು ಪ್ರಿಂಟ್ ಮಾಡಿಸಿದೆ. ‘ಲೋಕಲ್’ ಎಂದಿತು.

ಅಲ್ಲಿಗೆ ಕಥೆ ಬಿಚ್ಚಿಕೊಂಡಿತು. ಆಗಸ್ಟ್ ಎರಡನೇ ವಾರದಲ್ಲಿ ಸಂಘದ ಸ್ವಯಂಸೇವಕಿಯೊಬ್ಬರು, ಶಿವಮೊಗ್ಗದ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಡೇಟಾಬೇಸಿನ ಪ್ರತಿಯನ್ನು ದಿನಾ ರಾತ್ರಿ ಬೇರೊಂದು ಮಷಿನ್‌ಗೆ ಕಳಿಸುವ ಸ್ಕ್ರಿಪ್ಟ್ ಬರೆದಿದ್ದರು. ಅಲ್ಲಿಯವರೆಗೆ ಸಂಘಕ್ಕೆ ಬ್ಯಾಕಪ್ ಎಂಬುದೇ ಇರಲಿಲ್ಲ, ಯಾರೂ ಕೇಳದೆಯೇ ಅವರು ಮಾಡಿದ ಕೆಲಸ ಅದು. ಅದಕ್ಕೆ ಪರಾಮಿಕೊ ಎಂಬ ಮಾಡ್ಯೂಲ್ ಬೇಕಿತ್ತು, ಸುಡೊ ಪಿಪ್‌ನಿಂದ ತಂದರು. ಹೊಸ ಪರಾಮಿಕೊ ತನ್ನ ಜೊತೆಗೆ ಹೊಸ ಕ್ರಿಪ್ಟೋಗ್ರಫಿಯನ್ನೂ ಎಳೆದುಕೊಂಡು ಬಂತು.

“ಅಣ್ಣಾ, ನಾನದನ್ನ ಹಾಕಿ ಎರಡೂವರೆ ತಿಂಗಳಾಯ್ತು. ಅವತ್ತು ಸೈಟು, ಬ್ಯಾಕಪ್ಪು ಎಲ್ಲಾ ಸರಿಯಾಗೇ ಓಡ್ತಾ ಇತ್ತಲ್ಲ?” ಎಂದರು.

ಓಡುತ್ತಿತ್ತು. ಬ್ಯಾಕಪ್ ಅಕ್ಟೋಬರ್ 25ರ ರಾತ್ರಿಯೂ ಸರಿಯಾಗಿಯೇ ಓಡಿತು. ಪಿಪ್ ಅವತ್ತು ಒಂದು ಸಾಲು ಹೇಳಿಯೂ ಇರುತ್ತದೆ: ಹಳೆಯ ಕ್ರಿಪ್ಟೋಗ್ರಫಿ ನನ್ನ ವ್ಯಾಪ್ತಿಯ ಹೊರಗಿದೆ, ಅದನ್ನು ತೆಗೆಯುತ್ತಿಲ್ಲ ಎಂದು. ಪರದೆಯ ಮೇಲೆ ನಲವತ್ತು ಸಾಲು ಸರಸರ ಹೋಗುವಾಗ ಅದನ್ನು ಓದುವವರು ಯಾರು? ಓದಿದರೂ ‘ತೆಗೆಯುತ್ತಿಲ್ಲವಂತೆ, ಒಳ್ಳೆಯದೇ ಆಯ್ತು’ ಅನ್ನಿಸುತ್ತದೆ.

ಈ ಎರರನ್ನು ಹುಡುಕಿದರೆ ಜನ ಕೊಡುವ ಪರಿಹಾರ ಎರಡು. ಒಂದು, ಪೈಓಪನ್‌ಎಸ್‌ಎಸ್‌ಎಲ್ ಅನ್ನೂ ಪಿಪ್‌ನಿಂದಲೇ ಏರಿಸಿ. ಇನ್ನೊಂದು, ‘ಲಿಬ್’ನಲ್ಲಿರುವ ಅದರ ಹಳೆಯ ಫೋಲ್ಡರನ್ನೇ ಅಳಿಸಿ. ಮೊದಲನೆಯದು ಒಂದು ತೇಪೆಯ ಮೇಲೆ ಇನ್ನೊಂದು ತೇಪೆ. ಎರಡನೆಯದು ಮಾಲೀಕರ ಗೋಡೆಯನ್ನೇ ಕೆಡವಿದಂತೆ, ಆಪ್ಟ್‌ನ ಪುಸ್ತಕದಲ್ಲಿ ಇರುವ ವಸ್ತು ಡಿಸ್ಕ್‌ನಲ್ಲಿ ಇರುವುದಿಲ್ಲ. ಪಿಪ್‌ನಿಂದ ಹೊಸ ಕ್ರಿಪ್ಟೋಗ್ರಫಿಯನ್ನು ತೆಗೆಸೋಣವೆಂದರೆ ಪಿಪ್ ಕೂಡ ಅದೇ ಎರರ್ ಕೊಟ್ಟು ಬಿತ್ತು. ಅದೂ ಅದೇ ಮಾಡ್ಯೂಲನ್ನು ಕರೆಯುತ್ತದೆ. ಕೊನೆಗೆ ‘ಲೋಕಲ್’ ಒಳಗಿದ್ದ ಕ್ರಿಪ್ಟೋಗ್ರಫಿಯ ಎರಡು ಫೋಲ್ಡರುಗಳನ್ನು ಕೈಯಿಂದಲೇ ಎತ್ತಿ ಪಕ್ಕಕ್ಕಿಟ್ಟದ್ದಾಯಿತು. ಒಂದು ನಿಮಿಷದಲ್ಲಿ ಹೊಸ ಸರ್ಟಿಫಿಕೇಟ್ ಬಂತು. ಕೂಪನ್ ನೋಂದಣಿಯ ಗಡುವನ್ನು ಕಾಕಾ ಎರಡು ದಿನ ಮುಂದಕ್ಕೆ ಹಾಕಿದರು.

ಬ್ಯಾಕಪ್ ಸ್ಕ್ರಿಪ್ಟಿಗೆ ಮಾತ್ರ ಈಗ ಬೇರೆ ಮನೆ ಬೇಕಾಗಿತ್ತು.

ಬೇರೆ ಮನೆ

ಪೈಥಾನ್‌ನಲ್ಲಿ ಅದು ‘ವೆನ್ವ್’. 2012ರಲ್ಲಿ ಪೈಥಾನ್ 3.3ರ ಜೊತೆಗೇ ಬಂದದ್ದು. ಒಂದು ಫೋಲ್ಡರ್, ಅದರಲ್ಲಿ ಸಿಸ್ಟಮ್ ಪೈಥಾನ್‌ಗೆ ಒಂದು ಲಿಂಕು, ಒಂದು ಪುಟ್ಟ ಸಂರಚನೆಯ ಫೈಲು, ಮಾಡ್ಯೂಲುಗಳಿಗೆ ಸ್ವಂತ ಜಾಗ. ಇದರೊಳಗಿನ ಪಿಪ್ ಏನೇ ತಂದರೂ ಈ ಫೋಲ್ಡರಿನ ಗಡಿ ದಾಟುವುದಿಲ್ಲ. ಬೇಡವಾದರೆ ಫೋಲ್ಡರ್ ಅಳಿಸಿದರಾಯಿತು. ಖರ್ಚು ಅಂದರೆ ಕೆಲವು ಎಂಬಿ ಡಿಸ್ಕ್ ಜಾಗ.

ಉಬುಂಟುವಿನಲ್ಲಿ ಇದನ್ನು ಮೊದಲ ಸಲ ಮಾಡಿಸಲು ಹೋದವರು ಅಲ್ಲೇ ಎಡವುತ್ತಾರೆ. ‘ಎನ್‌ಶೂರ್‌ಪಿಪ್ ಇಲ್ಲ’ ಎಂಬ ಎರರ್ ಬರುತ್ತದೆ, ಯಾಕೆಂದರೆ ಡೆಬಿಯನ್‌ನವರು ಈ ಭಾಗವನ್ನು ಬೇರೆ ಪ್ಯಾಕೇಜಾಗಿ ಇಟ್ಟಿದ್ದಾರೆ. ಆಪ್ಟ್‌ನಿಂದ ‘ಪೈಥಾನ್3-ವೆನ್ವ್’ ತಂದರೆ ಮುಗಿಯಿತು. ಎಷ್ಟೋ ಜನ ಇಲ್ಲಿ ಬೇಸತ್ತು ಹಳೆಯ ಸುಡೊ ಪಿಪ್‌ಗೇ ಮರಳುತ್ತಾರೆ.

ಎರಡನೆಯ ಗೊಂದಲ ‘ಆ್ಯಕ್ಟಿವೇಟ್’ ಮಾಡುವುದರ ಬಗ್ಗೆ. ಪಾಠ ಹೇಳುವ ವಿಡಿಯೊಗಳೆಲ್ಲ ಅದರಿಂದಲೇ ಶುರುವಾಗುತ್ತವೆ, ಹಾಗಾಗಿ ಕ್ರಾನ್‌ನಲ್ಲಿ, ಸಿಸ್ಟಮ್‌ಡಿಯಲ್ಲಿ ಅದನ್ನು ಹೇಗೆ ಮಾಡುವುದು ಎಂದು ಜನ ಒದ್ದಾಡುತ್ತಾರೆ. ಅದರ ಅಗತ್ಯವೇ ಇಲ್ಲ. ವೆನ್ವ್ ಫೋಲ್ಡರಿನ ‘ಬಿನ್’ ಒಳಗಿರುವ ಪೈಥಾನ್‌ನ ಪೂರ್ತಿ ವಿಳಾಸ ಕೊಟ್ಟು ಸ್ಕ್ರಿಪ್ಟನ್ನು ಓಡಿಸಿದರೆ ಅದು ತನ್ನ ಮನೆ ಯಾವುದೆಂದು ತಾನೇ ಗುರುತಿಸಿಕೊಳ್ಳುತ್ತದೆ. ಸಂಘದ ಸರ್ವರ್‌ನಲ್ಲಿ ಮಾಡಿದ್ದೂ ಅಷ್ಟೇ: ‘ಎಸ್‌ಆರ್‌ವಿ’ ಫೋಲ್ಡರಿನಲ್ಲಿ ಬ್ಯಾಕಪ್‌ಗೆ ಒಂದು ಜಾಗ, ಅದಕ್ಕೊಬ್ಬ ಪ್ರತ್ಯೇಕ ಬಳಕೆದಾರ, ಒಳಗೊಂದು ವೆನ್ವ್, ಕ್ರಾನ್‌ನಲ್ಲಿ ಒಂದು ಸಾಲಿನ ಬದಲಾವಣೆ. ಎಲ್ಲಿಯೂ ಸುಡೊ ಪಿಪ್ ಇಲ್ಲ. ಇಪ್ಪತ್ತು ನಿಮಿಷದ ಕೆಲಸ, ಅದನ್ನು ಆ ಹುಡುಗಿಯೇ ಮಾಡಿದರು.

ಇನ್ನೂ ಸುಲಭದ ದಾರಿಯೊಂದಿತ್ತು ಎಂಬುದನ್ನೂ ಹೇಳಬೇಕು. ಪರಾಮಿಕೊ ಆಪ್ಟ್‌ನಲ್ಲೇ ಸಿಗುತ್ತದೆ. ಆವೃತ್ತಿ ಸ್ವಲ್ಪ ಹಳೆಯದು, ಆದರೆ ಒಂದು ಫೈಲನ್ನು ಇಲ್ಲಿಂದ ಅಲ್ಲಿಗೆ ಕಳಿಸಲು ಅದು ಧಾರಾಳ ಸಾಕು, ಸೆಕ್ಯುರಿಟಿ ತೇಪೆಗಳ ಹೊಣೆಯೂ ಉಬುಂಟುವಿನದಾಗುತ್ತದೆ. ಸಣ್ಣ ಸ್ಕ್ರಿಪ್ಟುಗಳಿಗೆ ನಾನು ಮೊದಲು ನೋಡುವುದು ಅಲ್ಲೇ. ಹೊಸ ಆವೃತ್ತಿಯೇ ಬೇಕು ಎನ್ನುವ ನಮ್ಮ ಹಟಕ್ಕೆ ಎಷ್ಟೋ ಸಲ ಕಾರಣವೇ ಇರುವುದಿಲ್ಲ. ಮಾಡ್ಯೂಲ್ ಅಲ್ಲ, ಕಮಾಂಡ್ ರೂಪದ ಒಂದು ಟೂಲ್ ಬೇಕು ಎಂದಾದರೆ ‘ಪಿಪ್ಎಕ್ಸ್’ ಇದೆ, ಪ್ರತಿ ಟೂಲಿಗೂ ಗುಟ್ಟಾಗಿ ಒಂದೊಂದು ವೆನ್ವ್ ಕಟ್ಟಿಕೊಡುತ್ತದೆ.

ಪೈಥಾನ್‌ನ ಆವೃತ್ತಿಯೇ ಬೇರೆ ಬೇಕಾದಾಗ ಜನ ಇನ್ನೂ ದೊಡ್ಡ ಸಾಹಸಕ್ಕೆ ಇಳಿಯುತ್ತಾರೆ: ‘ಪೈಥಾನ್3’ ಎಂಬ ಲಿಂಕನ್ನೇ ಹೊಸದರ ಕಡೆಗೆ ತಿರುಗಿಸುವುದು. ಉಬುಂಟುವಿನಲ್ಲಿ ಹೀಗೆ ಮಾಡಿದ ಕೂಡಲೇ ‘ಆಪ್ಟ್_ಪಿಕೆಜಿ ಎಂಬ ಮಾಡ್ಯೂಲ್ ಇಲ್ಲ’ ಎಂಬ ಗೋಳು ಶುರು. ಆ ಮಾಡ್ಯೂಲು ಸಿಸ್ಟಮ್‌ನ ಆವೃತ್ತಿಗೆಂದೇ ಕಂಪೈಲ್ ಆದದ್ದು, ಬೇರೆಯದಕ್ಕೆ ಹೊಂದುವುದಿಲ್ಲ. ಸೆಂಟ್‌ಒಎಸ್ 6ರ ಕಾಲದವರಿಗೆ ಇದರ ಇನ್ನೂ ಕಹಿಯಾದ ರೂಪ ನೆನಪಿರಬಹುದು. ಅದರಲ್ಲಿ ಇದ್ದದ್ದು ಪೈಥಾನ್ 2.6, ಎಲ್ಲರಿಗೂ ಬೇಕಾಗಿದ್ದು 2.7. ಬದಲಾಯಿಸಿದರೆ ಯಮ್ ಸಾಯುತ್ತಿತ್ತು. ರಿಪೇರಿಗೆ ಪ್ಯಾಕೇಜ್ ತರೋಣವೆಂದರೆ ತರಬೇಕಾದ ಯಮ್ಮೇ ಇಲ್ಲ. ರೆಡ್ ಹ್ಯಾಟ್‌ನವರು 2019ರ ಆವೃತ್ತಿ 8ರಲ್ಲಿ ಸಿಸ್ಟಮ್ ಬಳಸುವ ಪೈಥಾನನ್ನು ‘ಪ್ಲಾಟ್‌ಫಾರ್ಮ್ ಪೈಥಾನ್’ ಎಂಬ ಹೆಸರಲ್ಲಿ ಬೇರೆಡೆ ಎತ್ತಿಟ್ಟರು. ಸರಿಯಾದ ನಿರ್ಧಾರ. ನಮಗೆ ಬೇಕಾದ ಆವೃತ್ತಿಯನ್ನು ಸಿಸ್ಟಮ್‌ನ ಪಕ್ಕದಲ್ಲಿ, ಅದರ ಹೆಸರು ಕದಿಯದೆ ಇಟ್ಟುಕೊಳ್ಳಲು ‘ಪೈಎನ್ವ್’ ಇದೆ, ಈಚೆಗೆ 2024ರಲ್ಲಿ ಬಂದ ‘ಯುವಿ’ ಇದೆ. ಸೋರ್ಸ್‌ನಿಂದ ಕಂಪೈಲ್ ಮಾಡುವವರು ‘ಮೇಕ್ ಇನ್‌ಸ್ಟಾಲ್’ ಬದಲು ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಬಳಸಬೇಕು, ಅದು ‘ಪೈಥಾನ್3’ ಎಂಬ ಹೆಸರನ್ನು ಮುಟ್ಟುವುದಿಲ್ಲ.

ಈ ಗಲಾಟೆ ಸಾಕಾಗಿಯೇ ಪೈಥಾನ್ ಬಳಗದವರು ಪೆಪ್ 668 ಎಂಬ ನಿಯಮ ತಂದರು. ಡಿಸ್ಟ್ರಿಬ್ಯೂಷನ್‌ನವರು ತಮ್ಮ ಪೈಥಾನ್ ಫೋಲ್ಡರಿನಲ್ಲಿ ‘ಇದನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ’ ಎಂಬರ್ಥದ ಒಂದು ಗುರುತಿನ ಫೈಲ್ ಇಟ್ಟರೆ ಪಿಪ್ ಅಲ್ಲಿ ಕೈಯಿಡಲು ನಿರಾಕರಿಸುತ್ತದೆ. 2023ರ ಉಬುಂಟು 23.04 ಮತ್ತು ಡೆಬಿಯನ್ 12ರಿಂದ ಇದು ಜಾರಿಯಲ್ಲಿದೆ. ಮೀರಲೇಬೇಕು ಎನ್ನುವವರಿಗೆ ಒಂದು ಆಯ್ಕೆ ಕೊಟ್ಟಿದ್ದಾರೆ, ಅದರ ಹೆಸರು ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’. ಇಷ್ಟು ಪ್ರಾಮಾಣಿಕವಾದ ಹೆಸರನ್ನು ಸಾಫ್ಟ್‌ವೇರ್ ಲೋಕದಲ್ಲಿ ನಾನು ಬೇರೆ ಕಂಡಿಲ್ಲ. ಆದರೂ ಆ ಹೆಸರನ್ನೇ ಓದದೆ ಕಾಪಿ ಮಾಡಿ ಅಂಟಿಸುವವರನ್ನು ಕಂಡಿದ್ದೇನೆ. ಎಐ ಚಾಟ್‌ಬಾಟ್‌ಗಳೂ ಕೆಲವು ಸಲ ಎರರ್ ಹೋಗಲಿ ಎಂದು ಇದನ್ನೇ ಬರೆದುಕೊಡುತ್ತವೆ. ಒಂದೇ ಅಪ್ಲಿಕೇಷನ್ ಇರುವ, ನಾಳೆ ಎಸೆದು ಹೊಸದು ಕಟ್ಟುವ ಕಂಟೇನರ್ ಒಳಗಾದರೆ ಸರಿ, ಅಲ್ಲಿ ಕೆಡಿಸಲು ಮೇಲಿನ ಮಹಡಿಯವರು ಯಾರೂ ಇಲ್ಲ. ವರ್ಷಗಟ್ಟಲೆ ಓಡಬೇಕಾದ ಸರ್ವರ್‌ನಲ್ಲಿ ಬೇಡ. ನೆನಪಿಡಬೇಕಾದದ್ದು ಇನ್ನೊಂದು: ಈಗಲೂ ಬಹಳ ಕಡೆ ಓಡುತ್ತಿರುವ ಉಬುಂಟು 22.04ರಲ್ಲಿ ಈ ಕಾವಲು ಇಲ್ಲ. ಅಲ್ಲಿ ಸುಡೊ ಪಿಪ್ ಎಂದರೆ ಬಾಗಿಲು ಇಂದಿಗೂ ತೆರೆಯುತ್ತದೆ.

ಪರ್ಲ್‌ನವರಿಗೆ ಇದೇ ಕೆಲಸಕ್ಕೆ ‘ಲೋಕಲ್ ಲಿಬ್’ ಇದೆ, ಮಾಡ್ಯೂಲುಗಳನ್ನು ಬಳಕೆದಾರನ ಹೋಮ್ ಫೋಲ್ಡರಿಗೆ ಕಳಿಸುತ್ತದೆ. ಪರ್ಲ್ ಆವೃತ್ತಿಯೇ ಬೇರೆ ಬೇಕಾದರೆ ‘ಪರ್ಲ್‌ಬ್ರೂ’. ಲೋಕಲ್ ಲಿಬ್ ಹೊಂದಿಸುವ ‘ಪರ್ಲ್5ಲಿಬ್’ ಎಂಬ ವೇರಿಯಬಲನ್ನು ರೂಟ್ ಬಳಕೆದಾರನಿಗೂ ಅನ್ವಯಿಸುವಂತೆ ಬರೆದರೆ ಮಾತ್ರ ಸುತ್ತಿ ಬಳಸಿ ಮತ್ತೆ ಅದೇ ಹಳ್ಳಕ್ಕೆ ಬಿದ್ದಂತೆ. ನೋಡ್ ಜೆಎಸ್‌ನವರು ಈ ವಿಷಯದಲ್ಲಿ ಪುಣ್ಯವಂತರು, ಎನ್‌ಪಿಎಂ ಬೇರೆ ಆಯ್ಕೆ ಕೊಡದಿದ್ದರೆ ಮಾಡ್ಯೂಲುಗಳನ್ನು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡುತ್ತದೆ.

ವೆನ್ವ್‌ನದೂ ಒಂದು ಸ್ವಭಾವ ತಿಳಿದಿರಬೇಕು. ಅದನ್ನು ಎತ್ತಿ ಬೇರೆ ಜಾಗಕ್ಕೆ ಇಡುವಂತಿಲ್ಲ, ಒಳಗಿನ ವಿಳಾಸಗಳೆಲ್ಲ ಹಳೆಯ ಜಾಗದವು. ಉಬುಂಟು 20.04ರಿಂದ 22.04ಕ್ಕೆ ಹೋದಾಗ ಪೈಥಾನ್ 3.8 ಇದ್ದದ್ದು 3.10 ಆಗುತ್ತದೆ, ವೆನ್ವ್ ಕೆಲಸ ಮಾಡುವುದಿಲ್ಲ. ಅಳಿಸಿ ಮತ್ತೆ ಕಟ್ಟಬೇಕು. ಅದಕ್ಕಾಗಿಯೇ ಯಾವ ಮಾಡ್ಯೂಲು, ಯಾವ ಆವೃತ್ತಿ ಎಂಬ ಪಟ್ಟಿಯ ಫೈಲನ್ನು ಕೋಡ್‌ನ ಜೊತೆಗೇ ಇಟ್ಟಿರಬೇಕು.

ನೀವು ನೋಡಿಕೊಳ್ಳುವ ಹಳೆಯ ಸರ್ವರ್ ಒಂದಿದ್ದರೆ ‘ಯುಎಸ್‌ಆರ್ ಲೋಕಲ್ ಲಿಬ್’ ಒಳಗಿನ ಪೈಥಾನ್ ಫೋಲ್ಡರಿನ ‘ಡಿಸ್ಟ್ ಪ್ಯಾಕೇಜಸ್’ ಅನ್ನು ಒಮ್ಮೆ ತೆರೆದು ನೋಡಿ. ಖಾಲಿ ಇದ್ದರೆ ಮೇಲೆ ಹೇಳಿದ ತೊಂದರೆ ನಿಮಗಿಲ್ಲ. ತುಂಬಿದ್ದರೆ ಅವಸರದಿಂದ ಅಳಿಸಬೇಡಿ, ಅದನ್ನೇ ನಂಬಿ ಯಾವುದೋ ಸ್ಕ್ರಿಪ್ಟ್ ಓಡುತ್ತಿರುತ್ತದೆ. ಪಿಪ್ ಫ್ರೀಜ್‌ಗೆ ‘ಪಾತ್’ ಆಯ್ಕೆಯಲ್ಲಿ ಆ ಫೋಲ್ಡರಿನ ವಿಳಾಸ ಕೊಟ್ಟು ಪಟ್ಟಿ ತೆಗೆದಿಟ್ಟುಕೊಳ್ಳಿ. ಕ್ರಾನ್ ಮತ್ತು ಸಿಸ್ಟಮ್‌ಡಿಯಲ್ಲಿ ಯಾವ್ಯಾವ ಸ್ಕ್ರಿಪ್ಟುಗಳಿವೆ ನೋಡಿ, ಒಂದೊಂದಕ್ಕೂ ವೆನ್ವ್ ಕಟ್ಟಿ ಅಲ್ಲಿಗೆ ಸಾಗಿಸಿ. ಒಂದು ವಾರ ಓಡಲಿ. ಆಮೇಲೆ ಹಳೆಯ ಫೋಲ್ಡರಿನ ಹೆಸರು ಬದಲಿಸಿ, ‘ಸರ್ಟ್‌ಬಾಟ್ ರಿನ್ಯೂ’ ಕಮಾಂಡನ್ನು ‘ಡ್ರೈ ರನ್’ ಆಯ್ಕೆಯೊಂದಿಗೆ ಒಮ್ಮೆ, ಆಪ್ಟ್ ಅಪ್‌ಡೇಟನ್ನು ಒಮ್ಮೆ ಓಡಿಸಿ ನೋಡಿ. ಎರಡೂ ತಕರಾರಿಲ್ಲದೆ ಮುಗಿದರೆ ಆ ಫೋಲ್ಡರನ್ನು ಅಳಿಸಬಹುದು.